ಕುದುರೆಲಾಯದ ಅಂದಾಜು ಪಟ್ಟಿ

ಕಲಬುರಗಿಯಲ್ಲಿದ್ದ ಬಹಮನಿ ರಾಜಧಾನಿಯು ಬೀದರಿಗೆ ಸಾಗಿಹೋಗಿ ಸುಮಾರು ಅರ್ಧ ಶತಮಾನ ಸಂದಿದ್ದ ಕಾಲದಲ್ಲಿ, ಎಂದರೆ 1470ರ ಆಸುಪಾಸಿನಲ್ಲಿ, ರಷ್ಯಾದೇಶದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವರ್ತಕನು, ಮಾರಾಟಕ್ಕೆಂದು ಒಂದೇ ಒಂದು ಕುದುರೆಯನ್ನು ಹಡಗಿನಲ್ಲಿ ಏರಿಸಿಕೊಂಡು ಬಂದು, ಚೌಲ ಬಂದರದಲ್ಲಿ ಇಳಿದು, ಜುನ್ನರದ ಮಾರ್ಗವಾಗಿ ನಮ್ಮ ಸೀಮೆಯನ್ನು ಹೊಕ್ಕನು. ಆತನು ಬರೆದಿಟ್ಟ ಪ್ರವಾಸಕಥನದಲ್ಲಿ ಶೇಖ್ ಅಲಾವುದ್ದೀನರ ಸಮಾಧಿಯಿರುವ ಆಳಂದದ ಪ್ರಸ್ತಾಪವಿದೆ. ಅಲ್ಲಿ ವರ್ಷಕ್ಕೊಮ್ಮೆ ಹತ್ತು ದಿನಗಳ ಸಂತೆ ನೆರೆಯುತ್ತಿದ್ದುದೂ, ಹಿಂದೂಸ್ಥಾನದ ನಾನಾ ಭಾಗಗಳಿಂದ ವ್ಯಾಪಾರಿಗಳು ಬರುತ್ತಿದ್ದುದೂ, ಮಾರಾಟಕ್ಕೆ ನಿಲ್ಲುತ್ತಿದ್ದ ಕುದುರೆಗಳೇ 20,000ದವರೆಗೆ ಇದ್ದುದೂ ಅದರಲ್ಲಿ ಉಕ್ತವಾಗಿವೆ. ಇಂದು ಆಳಂದದಿಂದ ಜಿಡಗಾದ ದಾರಿಯಲ್ಲಿ ತೊಗರಿಯ ಹೊಲಗಳನ್ನು ನೋಡುತ್ತ ಬರುವವನಿಗೆ, ಅಷ್ಟು ಕುದುರೆಗಳು ನಿಲ್ಲುವುದಕ್ಕೆ ನೆಲವೆಷ್ಟು ಬೇಕಾಗಿದ್ದೀತು, ಅವು ಕುಡಿಯುವುದಕ್ಕೆ ನೀರೆಲ್ಲಿಂದ ಬಂದೀತು ಎಂಬ ಯೋಚನೆ ಸಹಜವಾಗಿಯೇ ಹುಟ್ಟುತ್ತದೆ.

ಆದರೆ ನಿಕಿತಿನನ ಗ್ರಂಥದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಆ ದೊಡ್ಡ ಸಂಖ್ಯೆಯಲ್ಲ. ನೂರು ರೂಬಲ್ಲುಗಳಿಗೆ ಕೊಂಡ ತನ್ನ ಕುದುರೆಯನ್ನು ಒಂದು ವರ್ಷ ಸಾಕಿ, ಕ್ರಿಸ್ತಜಯಂತಿಯ ಹೊತ್ತಿಗೆ ಬೀದರಿನಲ್ಲಿ ಮಾರಿದೆನೆಂದು ಹೇಳುವ ಆತನು, ಅದರ ಪೋಷಣೆಗಾಗಿ ತನಗೆ 68 ನಾಣ್ಯಗಳು ವೆಚ್ಚವಾದುವೆಂಬುದನ್ನೂ ಮರೆಯದೆ ದಾಖಲಿಸುತ್ತಾನೆ. ಇಲ್ಲಿಯ ಜನ ಕುದುರೆಗಳಿಗೆ ಕಡಲೆ ತಿನ್ನಿಸುವರೆಂದೂ, ಸಕ್ಕರೆ ಎಣ್ಣೆಗಳನ್ನು ಕೂಡಿಸಿ ಖಿಚಡಿ ಬೇಯಿಸಿ ಹಾಕುವರೆಂದೂ ಬರೆಯುತ್ತಾನೆ. ಮೂರು ಸಮುದ್ರಗಳನ್ನು ದಾಟಿ, ದಾರಿಯಲ್ಲಿ ಕೊಳ್ಳೆಹೋಗಿ, ಜುನ್ನರದ ಅಧಿಕಾರಿಯಿಂದ ಕುದುರೆಯನ್ನೇ ಕಸಿಸಿಕೊಂಡು ಮರಳಿ ಪಡೆದ ಆ ಮನುಷ್ಯನಿಗೆ, ಕೊಂಡ ಬೆಲೆಯೊಡನೆ ಮೇವಿನ ವೆಚ್ಚವೂ ನೆನಪಿನಲ್ಲಿ ಉಳಿದಿತ್ತಲ್ಲ! ಅಶ್ವಪೋಷಣೆಯ ಮರ್ಮವನ್ನು ಅನುಭವದಿಂದ ಅರಿತವನ ಲೆಕ್ಕವದು. ಕುದುರೆಯನ್ನು ಕೊಳ್ಳುವುದು ಒಂದು ದಿನದ ಖರ್ಚು, ಸಾಕುವುದು ಪ್ರತಿದಿನದ ಖರ್ಚು. ಲಾಯವನ್ನು ಕಟ್ಟಹೊರಟವನು ಮೊದಲು ಬರೆಯಬೇಕಾದದ್ದು ಈ ಎರಡನೆಯ ಖರ್ಚನ್ನು.

ಈ ವಿಷಯದಲ್ಲಿ ನಾನು ಇಷ್ಟು ಆಸಕ್ತನಾಗುವುದಕ್ಕೆ ಕಾರಣವಿದೆ. ಜಿಡಗಾದಲ್ಲಿ ನನಗೆ ಬಹುಕಾಲದಿಂದ ಪರಿಚಿತರಾದ ಒಬ್ಬ ಒಕ್ಕಲಿಗರು, ತಂದೆಯ ಕಾಲದಿಂದಲೂ ಒಂದೆರಡು ಕುದುರೆಗಳನ್ನು ಸಾಕಿಕೊಂಡು ಬಂದವರು, ಈಗ ನಾಲ್ಕು ಕುದುರೆಗಳಿಗಾಗಿ ಹೊಸ ಲಾಯವನ್ನು ಕಟ್ಟಿಸಬೇಕೆಂದು ಸಂಕಲ್ಪಿಸಿದ್ದಾರೆ. ಜಾತ್ರೆಯ ಪಲ್ಲಕ್ಕಿಯ ಮುಂದೆ ನಡೆಯುವುದಕ್ಕೂ, ಸುತ್ತಲಿನ ಊರುಗಳ ಮದುವೆಯಲ್ಲಿ ಮದುಮಗನನ್ನು ಮೆರೆಸುವುದಕ್ಕೂ ಅವರ ಕುದುರೆಗಳೇ ಬೇಕು. ಇಷ್ಟು ದಿನ ಅವು ಎತ್ತುಗಳ ಜೊತೆಯಲ್ಲಿ, ತಗ್ಗಾದ ಮಾಳಿಗೆಯ ಕೆಳಗೆ, ಅಗಾಡಿ ಪಿಛಾಡಿ ಹಗ್ಗಗಳಲ್ಲಿ ಬಿಗಿಸಿಕೊಂಡು ನಿಂತಿದ್ದವು. ನಕ್ಷೆಯನ್ನೂ ಅಂದಾಜು ಪಟ್ಟಿಯನ್ನೂ ತಯಾರಿಸುವ ಕೆಲಸಕ್ಕೆ ಅವರು ನನ್ನನ್ನು ಕರೆದರು. "ಮಾಸ್ತರ್, ಮುಂದ ಒಂದು ದೊಡ್ಡ ಕಮಾನ ಮಾಡಸ್ಬೇಕಂತ ಮನಸ್ಸದ. ಎಷ್ಟ ಖರ್ಚ ಬರ್ತದ, ಸ್ವಲ್ಪ ನೋಡ್ರಿ" ಎಂಬುದು ಅವರ ಮೊದಲ ಮಾತು.

ಆ ಅಪೇಕ್ಷೆಯಲ್ಲಿ ತಪ್ಪೇನೂ ಇಲ್ಲ. ಕುದುರೆಯೊಡನೆ ಗೌರವದ ಭಾವನೆಯು ನಮ್ಮ ಸೀಮೆಯಲ್ಲಿ ಶತಮಾನಗಳಿಂದ ಬೆಸೆದುಕೊಂಡಿದೆ. ದೇಸಾಯಿ ದೇಶಮುಖರ ವಾಡೆಗಳಲ್ಲಿ ಹೆಬ್ಬಾಗಿಲನ್ನು ದಾಟಿದೊಡನೆ ಕಾಣುತ್ತಿದ್ದುದು ಕುದುರೆಗಳ ಪಾಗೆ. ನಿಜಾಮರ ಆಳಿಕೆಯಲ್ಲಿ ಪಾಯಗಾ ಅಮೀರರೆಂದು ಪ್ರಸಿದ್ಧರಾದವರು ಅಶ್ವಸೈನ್ಯವನ್ನು ಸಾಕುವುದಕ್ಕಾಗಿಯೇ ಜಹಗೀರುಗಳನ್ನು ಪಡೆದವರು. ಹಲವು ತಾಲೂಕುಗಳ ಕಂದಾಯವನ್ನೇ ಈ ವೆಚ್ಚದ ಹೆಸರಿನಲ್ಲಿ ಬಿಟ್ಟುಕೊಡಲಾಗಿತ್ತು. ರಾಜ್ಯವೊಂದು ಕುದುರೆಯ ಖರ್ಚಿಗೆ ಭೂಮಿಯ ಶಾಶ್ವತ ಉತ್ಪನ್ನವನ್ನೇ ಬರೆದುಕೊಟ್ಟಿತೆಂದರೆ, ಆ ಖರ್ಚು ವರ್ಷವರ್ಷವೂ ತಪ್ಪದೆ ಬರುವಂಥದೆಂಬ ತಿಳಿವಳಿಕೆ ಅದಕ್ಕಿದ್ದಿತೆಂದೇ ಅರ್ಥ.

ಕಮಾನಿನ ಮಾತನ್ನು ಬದಿಗಿಟ್ಟು ನಾವಿಬ್ಬರೂ ಹೊಲಕ್ಕೆ ಹೋಗಿ ನೆಲವನ್ನು ನೋಡಿದೆವು. ಆಳಂದದ ಸುತ್ತಿನ ಎರೆಭೂಮಿ ಜೋಳಕ್ಕೂ ತೊಗರಿಗೂ ತಾಯಿಯಾದರೂ ಕಟ್ಟಡಕ್ಕೆ ಕಷ್ಟವನ್ನೇ ಕೊಡುತ್ತದೆ. ಮಳೆಗಾಲದಲ್ಲಿ ನೀರುಂಡು ಉಬ್ಬುವ, ಬೇಸಗೆಯಲ್ಲಿ ಒಣಗಿ ಕೈತೂರುವಷ್ಟು ಬಿರಿಯುವ ಈ ಮಣ್ಣಿನ ಮೇಲೆ ನೇರವಾಗಿ ಗೋಡೆಯನ್ನೆಬ್ಬಿಸಿದರೆ ಎರಡು ಮಳೆಗಾಲಗಳಲ್ಲಿ ಗೋಡೆಯೂ ಬಿರಿಯುತ್ತದೆ, ನೆಲಗಟ್ಟೂ ಏಳುತ್ತದೆ. ಆದುದರಿಂದ ಪಾಯಾ ತೋಡುವಾಗ ಎರೆಯನ್ನು ಗಟ್ಟಿನೆಲ ಸಿಕ್ಕುವವರೆಗೂ ತೆಗೆದುಹಾಕಿ, ಮರಮನ್ನು ತುಂಬಿ, ಪದರ ಪದರವಾಗಿ ನೀರು ಹೊಡೆದು ಕುಟ್ಟಿಸಿ, ಸುತ್ತಲಿನ ನೆಲಕ್ಕಿಂತ ಒಂದೂವರೆ ಎರಡು ಅಡಿ ಎತ್ತರಕ್ಕೆ ಜಗಲಿಯನ್ನು ತರಬೇಕು. ಮೇಲೆ ನಿಂತು ನೋಡುವವರಿಗೆ ಇದಾವುದೂ ಕಾಣುವುದಿಲ್ಲ. ಆದರೆ ಪಟ್ಟಿಯಲ್ಲಿ ಅತ್ಯಂತ ದೊಡ್ಡ ಮೊತ್ತವನ್ನು ನುಂಗುವುದು ಈ ಮಣ್ಣಿನ ಕೆಲಸವೇ. ಹೊಲದ ಮೂಲೆಯಲ್ಲಿದ್ದ ಎರಡು ಹಳೆಯ ಬೇವಿನ ಮರಗಳನ್ನು ಕಡಿಯದೆ, ಅವುಗಳ ನೆರಳು ಮಧ್ಯಾಹ್ನದ ಮೇಲೆ ಲಾಯದ ಮೇಲೆ ಬೀಳುವಂತೆ ಜಾಗವನ್ನು ಸರಿಸಿದೆವು. ಕಲಬುರಗಿಯ ವೈಶಾಖದಲ್ಲಿ ಉಷ್ಣತೆ 42, 43 ಡಿಗ್ರಿಗಳನ್ನು ಮುಟ್ಟುವುದು ಅಪರೂಪವಲ್ಲ. ಅಂಥ ಹೊತ್ತಿನಲ್ಲಿ ಎರಡು ಬೇವಿನ ಮರಗಳು ಕೊಡುವ ತಂಪನ್ನು ಯಾವ ಅಂದಾಜು ಪಟ್ಟಿಯೂ ಕೊಂಡುಕೊಡಲಾರದು.

ನಮ್ಮಲ್ಲಿ ಲಾಯದ ನಕ್ಷೆ ಹೊಸ ವಿದ್ಯೆಯಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಕುದುರೆಗಳ ಸಂಖ್ಯೆಗೆ ತಕ್ಕಷ್ಟು ಉದ್ದವಾದ ಶಾಲೆ, ನಡುವೆ ಅವು ಹೊರಳಾಡುವುದಕ್ಕೆ ಬಯಲು, ಒಂದೊಂದು ಕುದುರೆಗೂ ಅದರ ಉದ್ದವನ್ನೇ ಅಳತೆಯಾಗಿ ಹಿಡಿದ ಚೌಕವಾದ ಸ್ಥಾನ, ಕಾಲಡಿಯಲ್ಲಿ ನುಣುಪಾದ ಹಲಗೆಗಳ ಹಾಸು, ಗೋದಲಿ, ಮೂತ್ರ ಲದ್ದಿಗಳು ಹೊರಗೆ ಹೋಗುವುದಕ್ಕೆ ದಾರಿ, ಮುಖ ಪೂರ್ವಕ್ಕೋ ಉತ್ತರಕ್ಕೋ. ಹೆಣ್ಣುಗುದುರೆ, ಬೀಜದ ಕುದುರೆ, ಮರಿಗಳಿಗೆ ಬೇರೆ ಬೇರೆ ಏಕಾಂತ ಸ್ಥಳಗಳಿರಬೇಕೆಂಬ ವಿಧಿಯೂ ಉಂಟು. ಇಷ್ಟನ್ನೂ ಓದಿದ ಮೇಲೆ ನಾನು ಹೊಸದಾಗಿ ಸೇರಿಸಬೇಕಾದದ್ದು ಬಹಳ ಇರಲಿಲ್ಲ. ನಮ್ಮ ಸಮೀಪದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅಶ್ವಗಳ ಲಕ್ಷಣ, ಶಿಕ್ಷಣ, ಆಟಗಳ ವಿಸ್ತಾರವಾದ ನಿರೂಪಣೆಯಿದೆ. ಕನ್ನಡದಲ್ಲಿಯೇ ಅಭಿನವಚಂದ್ರನ ಅಶ್ವವೈದ್ಯವಿದೆ. ರಾಜರು ಕವಿಗಳು ವೈದ್ಯರು ಈ ಪ್ರಾಣಿಯ ಶರೀರವನ್ನು ಎಷ್ಟು ಶ್ರದ್ಧೆಯಿಂದ ಗಮನಿಸಿದ್ದರೆಂಬುದು ಇವುಗಳಿಂದ ವಿದಿತವಾಗುತ್ತದೆ.

ಆ ಸೂತ್ರಗಳನ್ನೇ ಹಿಡಿದು, ಒಂದೊಂದಕ್ಕೆ 12 ಅಡಿ ಉದ್ದ 12 ಅಡಿ ಅಗಲದ ನಾಲ್ಕು ಕೋಣೆಗಳನ್ನು ಒಂದೇ ಸಾಲಿನಲ್ಲಿ, 48 ಅಡಿಗಳ ಉದ್ದಕ್ಕೆ, ಉತ್ತರಾಭಿಮುಖವಾಗಿ ಗೀಚಿದೆನು. ಭೀಮಾತೀರದ ಹೆಸರನ್ನು ಹೊತ್ತ ಭೀಮಥಡಿ ಜಾತಿಯ, ಗಾತ್ರದಲ್ಲಿ ಚಿಕ್ಕದಾದ ತಟ್ಟುಗಳಿಗೆ ಇದಕ್ಕಿಂತ ಕಿರಿದಾದ ಜಾಗವೂ ಸಾಲುತ್ತದೆ. ಆದರೆ ಮೆರವಣಿಗೆಗೆ ಜನ ಬಯಸುವುದು ಎತ್ತರದ ಕುದುರೆಗಳನ್ನು, ಅವು ಮಲಗಿ ಹೊರಳಿ ಗೋಡೆಗೆ ಕಾಲು ಸಿಕ್ಕಿಸಿಕೊಳ್ಳದೆ ಏಳಬೇಕಾದರೆ ಇಷ್ಟು ಅವಕಾಶ ಅವಶ್ಯ. ಬಾಗಿಲು 4 ಅಡಿಗಿಂತ ಕಿರಿದಾಗಕೂಡದು, 8 ಅಡಿಗಿಂತ ಗಿಡ್ಡಾಗಕೂಡದು. ಕೋಣೆಗಳ ಮುಂದೆ 10 ಅಡಿಯ ಪಡಸಾಲೆ. ಮಾಡಿನ ಎತ್ತರ ತಗ್ಗಿನ ಕಡೆಯಲ್ಲಿಯೂ 11, 12 ಅಡಿಗೆ ಕಡಮೆಯಿಲ್ಲದೆ, ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗುವ ಸಂದು. ಮೂತ್ರದಿಂದ ಏಳುವ ಅಮೋನಿಯಾ ವಾಯು ಲಾಯದಲ್ಲಿ ನಿಂತುಬಿಟ್ಟರೆ ಕುದುರೆಯ ಶ್ವಾಸಕೋಶವನ್ನು ಕೆಡಿಸುತ್ತದೆ. ಬರಿಯ ತಗಡನ್ನು ಹೊದಿಸಿದರೆ ಮಧ್ಯಾಹ್ನ ಒಳಗೆ ನಿಲ್ಲಲಾಗದು. ತಗಡಿನ ಕೆಳಗೆ ಬಿದಿರಿನ ತಟ್ಟಿಯ ಮೇಲೆ ಹುಲ್ಲಿನ ಪದರವನ್ನು ಹಾಸಬಹುದೆಂದು ಗೌಂಡಿ ಸೂಚಿಸಿದರು. ತಂಪಿಗೆ ಒಳ್ಳೆಯ ಉಪಾಯವಾದರೂ ಬೆಂಕಿಯ ಭಯದಿಂದ ಅದನ್ನು ಬಿಟ್ಟು, ಮೇಲೆ ಸುಣ್ಣ ಬಳಿದ ಹಂಚನ್ನೇ ಆರಿಸಿದೆವು. ಅದೇ ಭಯದಿಂದ ಮೇವಿನ ಕೋಣೆಯನ್ನೂ ಬಣವಿಯನ್ನೂ ಲಾಯದಿಂದ ದೂರಕ್ಕೆ ಸರಿಸಿದೆವು.

ನೆಲಕ್ಕೆ ಏನನ್ನು ಹಾಸಬೇಕೆಂಬುದು ನಮ್ಮ ಜಿಲ್ಲೆಯಲ್ಲಿ ಪ್ರಶ್ನೆಯೇ ಅಲ್ಲವೆಂದು ಎಲ್ಲರೂ ಭಾವಿಸುತ್ತಾರೆ, ಏತಕ್ಕೆಂದರೆ ಶಹಾಬಾದಿನ ಫರಸಿ ಕೈಗೆಟಕುವ ದೂರದಲ್ಲಿದೆ, ಮನೆ ಗುಡಿ ಶಾಲೆಗಳೆಲ್ಲ ಅದರಿಂದಲೇ ಹಾಸಲ್ಪಟ್ಟಿವೆ. ಆದರೆ ನೀರು ಬಿದ್ದ ಫರಸಿಯ ಮೇಲೆ ಲಾಳ ಹೊಡೆದ ಕುದುರೆ ಜಾರಿ ಬಿದ್ದರೆ, ಕಾಲಿನ ಎಲುಬು ಮುರಿದರೆ, ಆ ಪ್ರಾಣಿ ಮತ್ತೆ ಎದ್ದು ಓಡುವ ಆಸೆಯನ್ನು ಬಹುಮಟ್ಟಿಗೆ ಬಿಡಬೇಕಾಗುತ್ತದೆ. ಆದುದರಿಂದ ಕೋಣೆಯೊಳಗೆ ಕುಟ್ಟಿದ ಮರಮು, ಅದರ ಮೇಲೆ ಒಣಹುಲ್ಲಿನ ದಪ್ಪ ಹಾಸು. ಪಡಸಾಲೆಗೆ ಮಾತ್ರ ಫರಸಿ, ಅದೂ ನುಣುಪನ್ನು ಕಳೆದು ಟಾಕಿ ಹೊಡೆದದ್ದು. ಟಾಕಿ ಹೊಡೆಯುವ ಕೂಲಿ ಕಲ್ಲಿನ ಬೆಲೆಗೆ ಸಮೀಪಿಸಿತು. ಅದನ್ನು ಉಳಿಸಬೇಕೆಂಬ ಮಾತು ಬಂದಾಗ ನಾನು ಒಪ್ಪಲಿಲ್ಲ.

ಇನ್ನು ಮೈತಿಕ್ಕುವ ಜಾಗ. ಈ ಪ್ರಬಂಧವನ್ನು ಬರೆಯಲು ನನ್ನನ್ನು ಪ್ರೇರಿಸಿದ್ದೇ ಅದು. ಲಾಯಗಳ ಯೋಜನೆಯಲ್ಲಿ ಮೊತ್ತ ಮೀರಿತೆಂದು ತಿಳಿದೊಡನೆ ಮೊದಲು ಹೊಡೆದುಹಾಕುವ ಬಾಬು ಇದು. ಕುದುರೆಯನ್ನು ಬೇವಿನ ಮರಕ್ಕೆ ಕಟ್ಟಿ ತಿಕ್ಕಿದರಾಯಿತು, ಅದಕ್ಕೆ ಬೇರೆ ಕಟ್ಟೆಯೇಕೆ ಎಂಬುದು ವಾದ. ಈ ವಾದವನ್ನು ಆಳಂದದಲ್ಲಿ ಜೀವಮಾನವೆಲ್ಲ ಕುದುರೆಗಳ ಚಾಕರಿಯಲ್ಲಿ ಕಳೆದ ವೃದ್ಧ ಸಾಯೀಸರೊಬ್ಬರ ಮುಂದಿಟ್ಟಾಗ ಅವರು ಹೇಳಿದ್ದು ಇಷ್ಟು: "ತಿಕ್ಕಲಾಕ ಜಾಗಾನೇ ಇಲ್ಲಂದ್ರ ಯಾರೂ ತಿಕ್ಕಂಗಿಲ್ರಿ. ಮಳಿ ಬಂದ್ರ ಬಿಡ್ತಾರ, ಬಿಸಿಲ ಬಂದ್ರ ಬಿಡ್ತಾರ. ದಿನಾ ಕೈ ಆಡಿಸಿದ್ರ ಗಾಯ ಎಲ್ಲದ, ಬಾವು ಎಲ್ಲದ, ಕೈಗೇ ತಿಳೀತದ." ಆ ಮಾತಿನ ಸತ್ಯವನ್ನು ನಾನು ಆ ಮೇಲೆ ಅವರ ಕೆಲಸವನ್ನು ನೋಡಿ ಅರಿತೆನು. ಖರಾರಾ ಹಿಡಿದು ಕತ್ತಿನಿಂದ ಆರಂಭಿಸಿ, ಭುಜ, ಬೆನ್ನು, ಪಕ್ಕೆ, ತೊಡೆಗಳವರೆಗೆ ವರ್ತುಲಾಕಾರವಾಗಿ ಕೈಯಾಡಿಸುತ್ತ, ಒಣಗಿದ ಬೆವರನ್ನೂ ಧೂಳನ್ನೂ ಎಬ್ಬಿಸಿ, ಬಳಿಕ ಬುರುಸಿನಿಂದ ಕೂದಲ ಹೊರಳಿಗೆ ಅನುಸಾರವಾಗಿ ಬಾಚಿ, ಕೊನೆಗೆ ಒದ್ದೆಯ ಬಟ್ಟೆಯಿಂದ ಕಣ್ಣು ಮೂಗುಗಳನ್ನು ಒರೆಸುವಾಗ, ಅವರ ಎಡಗೈ ಒಂದು ಕ್ಷಣವೂ ಕುದುರೆಯ ಮೈಯನ್ನು ಬಿಡಲಿಲ್ಲ. ಜೀನು ಕೂರುವ ಸ್ಥಳದಲ್ಲಿ ಬೆರಳು ಒಂದಿಷ್ಟು ನಿಂತಿತು. ಅಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಆದರೆ ಕುದುರೆಯ ಚರ್ಮ ನಡುಗಿತು. ಎರಡು ದಿನ ಜೀನು ಬೇಡವೆಂದರು. ಗೊರಸುಗಳನ್ನು ಒಂದೊಂದಾಗಿ ಎತ್ತಿ, ಕೊಕ್ಕೆಯಿಂದ ಸಂದುಗಳಲ್ಲಿನ ಕೆಸರನ್ನೂ ಹರಳನ್ನೂ ತೆಗೆದು, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. ತೇವದಲ್ಲಿ ನಿಂತ ಗೊರಸು ಕೊಳೆಯತೊಡಗಿದರೆ ಮೊದಲು ಹೇಳುವುದು ಮೂಗು.

ಕೌಟಿಲ್ಯನು ಕುದುರೆಗಳಿಗೆ ದಿನಕ್ಕೆ ಎರಡು ಸಲ ಸ್ನಾನವನ್ನೂ ಗಂಧಮಾಲ್ಯಗಳನ್ನೂ ವಿಧಿಸಿದ್ದಾನೆ. ಆಶ್ವಯುಜದ ನವಮಿಯಂದು ನೀರಾಜನವನ್ನು ಹೇಳಿದ್ದಾನೆ. ಮಹಾನವಮಿಯ ದಿನ ನಮ್ಮ ಜನ ಕುದುರೆಗೆ ಅರಿಸಿನ ಕುಂಕುಮವಿಟ್ಟು ಆರತಿಯೆತ್ತುವುದು ಅಷ್ಟು ಪ್ರಾಚೀನವಾದ ಆಚಾರ. ವರ್ಷಕ್ಕೊಂದು ಆರತಿಯನ್ನು ನಾವು ಉಳಿಸಿಕೊಂಡೆವು, ದಿನಕ್ಕೆರಡು ಸ್ನಾನವನ್ನು ಬಿಟ್ಟೆವು. ಪೂಜೆಗಿಂತ ಆ ಸ್ನಾನವೇ ಕುದುರೆಗೆ ಹೆಚ್ಚಿನ ಸತ್ಕಾರವೆಂದು ನನ್ನ ದೃಢವಾದ ನಂಬಿಕೆ.

ಆದುದರಿಂದ ಪಡಸಾಲೆಯ ಪೂರ್ವದ ತುದಿಗೆ 12 ಅಡಿ 14 ಅಡಿಗಳ ಒಂದು ಕಟ್ಟೆ, ಮೂರು ಕಡೆ ತೆರೆದದ್ದು, ಮೇಲೆ ಮಾಡು ಉಳ್ಳದ್ದು, ನಕ್ಷೆಯಲ್ಲಿ ಸೇರಿತು. ನೆಲಕ್ಕೆ ಒರಟಾದ ಕಾಂಕ್ರೀಟು, ಒಂದೇ ಕಡೆಗೆ ಸಣ್ಣ ಇಳಿಜಾರು, ತುದಿಯಲ್ಲಿ ಗೊರಸು ಸಿಕ್ಕದಂಥ ಜಾಲರಿಯ ಮುಚ್ಚಳವಿರುವ ಕಾಲುವೆ. ಎರಡು ಕಂಬಗಳಲ್ಲಿ ಕುದುರೆಯ ಭುಜದ ಎತ್ತರಕ್ಕೆ ಕಬ್ಬಿಣದ ಬಳೆಗಳು. ಬಳೆಗೂ ಹಗ್ಗಕ್ಕೂ ನಡುವೆ ಸೆಣಬಿನ ತೆಳುವಾದ ಕುಣಿಕೆ, ಬೆದರಿದ ಕುದುರೆ ಜಗ್ಗಿದರೆ ಕತ್ತು ಮುರಿಯುವ ಬದಲು ದಾರ ಹರಿಯಲೆಂದು. ಖರಾರಾ ಬುರುಸು ಕೊಕ್ಕೆಗಳಿಗೆ ಗೋಡೆಯಲ್ಲಿ ಗೂಡು. ಜೀನು ಲಗಾಮುಗಳಿಗೆ ಇಲಿ ಮುಟ್ಟದ ಕಪಾಟು. ಲಾಳ ಕಟ್ಟುವವರು ಆರೇಳು ವಾರಗಳಿಗೊಮ್ಮೆ ಬಂದಾಗ ಕೆಲಸ ಮಾಡುವುದೂ, ಪಶುವೈದ್ಯರು ಬಂದಾಗ ಪರೀಕ್ಷಿಸುವುದೂ ಇಲ್ಲಿಯೇ.

ನೀರಿನ ಲೆಕ್ಕವನ್ನು ಬೇಸಗೆಗೆ ಹಾಕಬೇಕು, ಶ್ರಾವಣಕ್ಕಲ್ಲ. ದುಡಿಯುವ ಒಂದು ಕುದುರೆ ಸೆಖೆಯ ದಿನಗಳಲ್ಲಿ 40 ಲೀಟರುಗಳಷ್ಟು ಕುಡಿಯುವುದು ಸಾಮಾನ್ಯ. ನಾಲ್ಕಕ್ಕೆ 160, ಮೈತೊಳೆಯುವುದಕ್ಕೂ ಕಟ್ಟೆಯನ್ನು ತೊಳೆಯುವುದಕ್ಕೂ ಕೂಡಿ ದಿನಕ್ಕೆ 400. ಬೋರು ಬತ್ತಿದರೂ ವಿದ್ಯುತ್ತು ಹೋದರೂ ಐದು ದಿನ ತಡೆಯಬೇಕೆಂದು 2,000 ಲೀಟರಿನ ತೊಟ್ಟಿಯನ್ನು ಬರೆದೆನು. ಅಮರ್ಜಾ ನದಿ ನಮ್ಮ ತಾಲೂಕಿನಲ್ಲಿಯೇ ಹರಿದು ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವುದಾದರೂ, ನದಿಯನ್ನು ನಂಬಿ ಲಾಯ ಕಟ್ಟುವಷ್ಟು ನಮ್ಮ ಮಳೆಗಳು ನೆಚ್ಚತಕ್ಕವಲ್ಲ.

ಮೇವಿನ ಲೆಕ್ಕ ಇನ್ನೂ ದೊಡ್ಡದು. ಕುದುರೆಗೆ ದಿನಕ್ಕೆ 8 ಕಿಲೋ ಒಣಮೇವೆಂದು ಹಿಡಿದರೆ ನಾಲ್ಕಕ್ಕೆ ವರ್ಷಕ್ಕೆ 11,680 ಕಿಲೋ, ಎಂದರೆ ಹನ್ನೆರಡು ಟನ್ನಿಗೆ ಸಮೀಪ. ನೆನೆಸಿದ ಕಡಲೆಯೋ ಹುರುಳಿಯೋ ದಿನಕ್ಕೆ 2 ಕಿಲೋದಂತೆ 29 ಕ್ವಿಂಟಾಲು. ಬಿಳಿಜೋಳದ ಸುಗ್ಗಿಯಲ್ಲಿ ಕಣಿಕೆ ಅಗ್ಗವಾಗಿ ದೊರೆಯುತ್ತದೆ. ಆದರೆ ಎಳೆಯ ಹಸಿಜೋಳ ವಿಷಕಾರಿಯೆಂಬುದನ್ನು ನಮ್ಮ ರೈತರು ದನಗಳ ವಿಷಯದಲ್ಲಿ ಬಲ್ಲರಾದುದರಿಂದ, ಬಲಿತು ಒಣಗಿದ್ದನ್ನು ಮಾತ್ರ, ಅದನ್ನೂ ಹುಲ್ಲಿನೊಡನೆ ಕತ್ತರಿಸಿ ಬೆರೆಸಿ ಹಾಕಬೇಕೆಂದು ನಿಶ್ಚಯಿಸಿದೆವು. ಮುಗ್ಗಿದ ಮೇವನ್ನು ಎತ್ತು ತಿಂದು ಅರಗಿಸಿಕೊಂಡೀತು. ವಾಂತಿ ಮಾಡಲಾರದ ಕುದುರೆ ಅದೇ ಮೇವಿನಿಂದ ಹೊಟ್ಟೆಶೂಲೆ ಹತ್ತಿ ರಾತ್ರಿ ಬೆಳಗಾಗುವುದರೊಳಗೆ ಸತ್ತೀತು. ಆದುದರಿಂದ ಮೇವಿನ ಕೋಣೆಯ ನೆಲವನ್ನೂ ಎತ್ತರಿಸಬೇಕು. ಪಟ್ಟಿಯ ಆದಾಯದ ಕಡೆಗೆ ಒಂದು ಬಾಬು ಉಂಟು: ದಿನಕ್ಕೆ ಕುದುರೆಗೆ ಸುಮಾರು 15 ಕಿಲೋ ಲದ್ದಿ, ವರ್ಷಕ್ಕೆ ನಾಲ್ಕರಿಂದ 22 ಟನ್ನು. ಲಾಯದಿಂದ ದೂರದಲ್ಲಿ, ನೊಣ ಬಾರದಂತೆ ಮಣ್ಣು ಮುಚ್ಚಿದ ತಿಪ್ಪೆಯಲ್ಲಿ ಅದು ಕೊಳೆತರೆ ತೊಗರಿಯ ಹೊಲಕ್ಕೆ ಒಳ್ಳೆಯ ಗೊಬ್ಬರ. ಕಚ್ಚುವ ನೊಣಗಳಿಂದಲೇ ಸರ್ರಾ ರೋಗ ಹರಡುವುದರಿಂದ ಈ ದೂರ ಅವಶ್ಯವಾದದ್ದು.

ನಾಲ್ಕು ಕೋಣೆಗಳ ಹೊರತು ಐದನೆಯದೊಂದನ್ನು ಬೇರೆಯಾಗಿ, ಗಾಳಿ ಬೀಸಿಹೋಗುವ ಕಡೆಗೆ ಕಟ್ಟಬೇಕೆಂದು ನಾನು ಪಟ್ಟುಹಿಡಿದೆನು. ಜಾತ್ರೆಗಳಲ್ಲಿ ನಾನಾ ಊರಿನ ಕುದುರೆಗಳು ಕೂಡುತ್ತವೆ. ಗ್ಲಾಂಡರ್ಸ್ ರೋಗವು ಕುದುರೆಯಿಂದ ಮನುಷ್ಯನಿಗೂ ಅಂಟತಕ್ಕದ್ದು. ರೋಗ ಖಚಿತವಾದ ಕುದುರೆಗೆ ಚಿಕಿತ್ಸೆ ಮಾಡದೆ ಸರಕಾರವೇ ಅದನ್ನು ಕೊಲ್ಲಿಸುತ್ತದೆ. ಹೊರಗಿನಿಂದ ಬಂದ ಅಥವಾ ಮೂಗು ಸುರಿಯುವ ಕುದುರೆಯನ್ನು ಕೆಲವು ದಿನ ಒಂಟಿಯಾಗಿ ಇರಿಸುವ ಅನುಕೂಲವಿಲ್ಲದಿದ್ದರೆ ಉಳಿದ ಮೂರಕ್ಕೂ ಸಾಕುವವನಿಗೂ ಅಪಾಯ ತಪ್ಪದು.

ಹದಿಮೂರನೆಯ ಶತಮಾನದ ಕೊನೆಯಲ್ಲಿ ದಕ್ಷಿಣದ ಕರಾವಳಿಗೆ ಬಂದ ಮಾರ್ಕೋ ಪೋಲೋ ಬರೆದ ಒಂದು ಸಂಗತಿ ಈ ಲೆಕ್ಕಗಳ ನಡುವೆ ನನ್ನನ್ನು ಬಿಡದೆ ಕಾಡಿತು. ಪಾಂಡ್ಯನಾಡಿನ ಅರಸನು ಒಂದು ವರ್ಷದಲ್ಲಿ 2,000ಕ್ಕೂ ಮಿಕ್ಕಿ ಕುದುರೆಗಳನ್ನು ಕೊಳ್ಳುತ್ತಿದ್ದನಂತೆ. ವರ್ಷದ ಕೊನೆಗೆ ನೂರೂ ಉಳಿಯುತ್ತಿರಲಿಲ್ಲವಂತೆ. ಅಲ್ಲಿಯ ಜನಕ್ಕೆ ಅವುಗಳ ಪಾಲನೆ ತಿಳಿಯದು, ಲಾಳ ಕಟ್ಟುವವರಿಲ್ಲ, ಕುದುರೆ ಮಾರುವ ವರ್ತಕರು ಅಂಥ ಕಸಬುದಾರರನ್ನು ಬರಗೊಡುವುದೂ ಇಲ್ಲ ಎಂದು ಆತನು ಕಾರಣವನ್ನು ಕೊಡುತ್ತಾನೆ. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಜ ವರ್ತಕ ನೂನಿಜನು ಬರೆದಿದ್ದಾನೆ. ಕಡಲಾಚೆಯಿಂದ ಬಂದ ಆ ಪ್ರಾಣಿಗಳ ಬೆಲೆಗೆ ನಮ್ಮ ನೆಲದ ಎಷ್ಟು ಸಂಪತ್ತು ಹರಿದುಹೋಯಿತೆಂದು ನೆನೆದರೆ ಮನಸ್ಸು ಮಂಕಾಗುತ್ತದೆ. ಕುದುರೆಯ ಮೈಮೇಲೆ ದಿನವೂ ಕೈಯಾಡಿಸುವ ಒಬ್ಬ ಮನುಷ್ಯನ ಸಂಬಳ ಆ ಬೆಲೆಯ ಮುಂದೆ ಎಷ್ಟರದು!

ಕೊನೆಗೆ ನಾವು ಮಾಡಿಕೊಂಡ ಹಂಚಿಕೆ ಹೀಗಾಯಿತು. ಕಟ್ಟಡಕ್ಕೆಂದು ತೆಗೆದಿಟ್ಟ ಪ್ರತಿ ನೂರು ರೂಪಾಯಿಯಲ್ಲಿ 30 ಪಾಯಾ ಮತ್ತು ನೆಲಕ್ಕೆ, 25 ಮಾಡಿಗೆ, 20 ನೀರಿಗೂ ಮೈತಿಕ್ಕುವ ಕಟ್ಟೆಗೂ ಕೂಡಿ, ಗೋಡೆ ಬಾಗಿಲುಗಳಿಗೆ 10, ಮೇವಿನ ಮನೆಗೂ ರೋಗಿಯ ಕೋಣೆಗೂ 10. ಉಳಿದ 5 ಅನಿರೀಕ್ಷಿತಕ್ಕೆ. ಒಂದು ವರ್ಷದ ಮೇವು, ಸಾಯೀಸನ ಸಂಬಳ, ಲಾಳ, ಔಷಧಗಳ ಹಣವನ್ನು ಇದರಿಂದ ಬೇರೆಯಾಗಿ ಕೈಯಲ್ಲಿಟ್ಟುಕೊಂಡ ಮೇಲೆಯೇ ಪಾಯಾ ತೋಡತಕ್ಕದ್ದೆಂದು ಮಾತಾಯಿತು. ಹಾಗೆ ಬರೆದು ನೋಡಿದಾಗ ಕಮಾನಿಗೆ ಏನೂ ಉಳಿಯಲಿಲ್ಲ. ಒಕ್ಕಲಿಗರು ಪಟ್ಟಿಯನ್ನು ಬಹಳ ಹೊತ್ತು ಓದಿ, "ಕಮಾನ ಮುಂದಿನ ವರ್ಷ ನೋಡೂಣ್ರಿ ಮಾಸ್ತರ್. ಮೊದಲ ಆ ತಿಕ್ಕೂ ಕಟ್ಟಿ ಆಗ್ಲಿ" ಎಂದರು. ಜೋಳದ ರಾಶಿ ಮುಗಿದು ಗಾಡಿಗಳು ಬಿಡುವಾದೊಡನೆ ಮರಮು ಹೊಡೆಸುವುದೆಂದೂ, ಮಿರಗದ ಮಳೆ ಹಿಡಿಯುವುದರೊಳಗೆ ಮಾಡನ್ನು ಮುಚ್ಚುವುದೆಂದೂ ಗೌಂಡಿಗೆ ಹೇಳಿ, ಸಾಯೀಸರಿಗೆ ತಿಂಗಳ ಸಂಬಳದ ಮುಂಗಡವನ್ನು ಅಂದೇ ಕೊಟ್ಟರು.